ಉಪ್ಪು ನೋಡುವುದು

ಮನೆಯಿಂದ ನೂರಿಪ್ಪತ್ತು ಹೆಜ್ಜೆಗೆ ಸಮುದ್ರ.
ಆದರೂ ಕೊರಿಯರ್‌ನವನು ಮುಂಬೈಯಿಂದ ಬಂದ
ಉಪ್ಪಿನ ಚೀಲ ಇಳಿಸಿ, ಸಹಿ ಹಾಕಿಸಿಕೊಂಡು,
ಒಮ್ಮೆ ಅಲೆ ನೋಡಿ
ಒಮ್ಮೆ ನನ್ನ ಮುಖ ನೋಡಿ ಹೋದ.

ಏನು ಹೇಳಲಿ ಅವನಿಗೆ?
ಜೂನ್ ಬಂದರೆ ಕಾಳಿ ಕೆಂಪು ಹೊತ್ತು ಇಳಿಯುತ್ತಾಳೆ,
ಕೋಡಿಬಾಗದ ಕಡಲೆಲ್ಲ ಸಪ್ಪೆ.
ಬೈತಖೋಲದ ನೀರಿನ ಮೇಲೆ ಡೀಸೆಲ್ಲಿನ ಕಾಮನಬಿಲ್ಲು.
ಹಾಗಾಗಿ ಬಕೆಟ್ಟಿನಲ್ಲಿ ಕಲಕುತ್ತೇನೆ, ಒಂದಿಡೀ ರಾತ್ರಿ,
ಎರಡು ಮೀನಿಗೆ ಸಾಕಾಗುವಷ್ಟು ಸಮುದ್ರ.

‘ಎಷ್ಟು ಕೊಟ್ಟೆ?’
‘ಜೋಡಿಗೆ ಒಂಬೈನೂರು.’
‘ಒಂಬೈನೂರಾ! ಬೆರಳುದ್ದ ಇಲ್ಲ,
ತಲೆ ತೆಗೆದ್ರೆ ಎಂತ ಉಳೀತದೆ?’
ಮೂವತ್ತೆರಡು ವರ್ಷದಿಂದ ಮೀನು ಮಾರುವವಳು ಆಯಿ.
ಕಿತ್ತಳೆ ಮೈ, ಮೂರು ಬಿಳಿ ಪಟ್ಟೆ,
ಅಂಚಿಗೆ ಕಾಡಿಗೆ ತೀಡಿದ ಹಾಗೆ ಕಪ್ಪು.
‘ಮದುವೆಗೆ ಹೊರಟ ಹಾಗಿದಾವೆ,’ ಎಂದು
ಬುಟ್ಟಿ ಎತ್ತಿಕೊಂಡು ಪೇಟೆಗೆ ನಡೆದಳು.

ಮೊದಲು ತಂದ ಕಡಲಹೂವು
ಹನ್ನೊಂದೇ ದಿನಕ್ಕೆ ಕರಗಿ ನಾರಿತು.
ಮೀನೆರಡೂ ಗಾಜಿನ ಮೂಲೆಗೆ ಆತು
ಸುಮ್ಮನೆ ಅಲುಗುತ್ತಿದ್ದವು.
ಒಡೆದ ಮೀನಿನ ಗಡಿಗೆಯ ಅರ್ಧ ಚೂರನ್ನು
ತಿಂಗಳು ನೆನೆಸಿ, ನಾಲ್ಕು ಸಲ ಕುದಿಸಿ, ಒಳಗಿಟ್ಟೆ.
ಇಪ್ಪತ್ತು ವರ್ಷ ಬಾಂಗಡೆ ಬೆಂದ ಮಣ್ಣು ಅದು.
ಮೂರನೆಯ ರಾತ್ರಿ ಅದರ ಹೊಟ್ಟೆಯಲ್ಲೇ ಮಲಗಿದವು.
ಆಯಿ ಮೊದಲು ನಕ್ಕಿದ್ದು ಅವತ್ತು:
‘ಅಂತೂ ಗಡಿಗೆಗೇ ಬಿದ್ದವಲ್ಲ.’

ಆಮೇಲೊಂದು ಸಂಜೆ ಯಾರೂ ಕೇಳದೆ
ಬೆರಳದ್ದಿ ನಾಲಿಗೆಗಿಟ್ಟಳು.
‘ಒಂದು ಚೂರು ಕಡ್ಮೆ.’
ಅಳೆಯುವ ಗಾಜನ್ನು ಬೆಳಕಿಗೆ ಹಿಡಿದೆ.
ಒಂದು ಚೂರು ಕಡಿಮೆಯೇ ಇತ್ತು.

ಜುಲೈ. ಬೋಟುಗಳೆಲ್ಲ ದಡಕ್ಕೆ ಬಂದು
ತಾಡಪತ್ರಿ ಹೊದ್ದ ತಿಂಗಳು.
ಐಸ್ ಫ್ಯಾಕ್ಟರಿಯಲ್ಲಿ ನನ್ನ ಲೆಕ್ಕದ ಪುಸ್ತಕ ಖಾಲಿ,
ಆಯಿಯ ಬುಟ್ಟಿಯಲ್ಲಿ ಒಣಮೀನು ಬಿಟ್ಟರೆ ಏನಿಲ್ಲ.
ಸಂಜೆ ಹೋದ ಕರೆಂಟು ಬರಲಿಲ್ಲ.
ರಾತ್ರಿ ಎರಡಕ್ಕೆ ಬ್ಯಾಟರಿ ಮುಗಿದು
ಗುಳ್ಳೆ ನಿಂತಿತು.

‘ಎಂತ ಆಯ್ತು?’
‘ಗಾಳಿ ಇಲ್ಲ. ಉಸಿರು ಕಟ್ತದೆ ಅವಕ್ಕೆ.’
ಆಯಿ ಸ್ಟೂಲು ಎಳೆದಳು, ಬಚ್ಚಲಿನ ಮಗ್ಗು ತೊಳೆದು ತಂದಳು.
ತುಂಬಿ, ಎತ್ತಿ, ಮೇಲಿಂದ ಸುರಿದಳು.
ಮತ್ತೆ ತುಂಬಿದಳು.
ಬಾಂಗಡೆ ಎಣಿಸುವ ಅದೇ ರಾಗ:
ಲಾಭ, ಎರಡು, ಮೂರು, ನಾಲ್ಕು…
ನೂರಾದ ಮೇಲೆ ಮತ್ತೆ ಲಾಭ.
ನಾನು ಗೋಡೆಗೊರಗಿ ಯಾವಾಗಲೋ ನಿದ್ದೆ ಹೋದೆ.
ಕನಸಿನಲ್ಲೂ ನೀರು ಬೀಳುತ್ತಿತ್ತು.

ಬೆಳಗಿಗೆ ಸಣ್ಣದು ಉಳಿದಿತ್ತು.
ದೊಡ್ಡವಳು ಗಡಿಗೆಯ ಚೂರಿನ ಬಳಿ ಅಡ್ಡ ಬಿದ್ದಿದ್ದಳು.
ಸತ್ತ ಮೀನು ಕೈಯಲ್ಲಿ ಹಿಡಿದೇ
ಮೂವತ್ತೆರಡು ವರ್ಷ ಬದುಕಿದವಳು
ಆ ಬೆರಳುದ್ದದ್ದನ್ನು ಅಂಗೈಯಲ್ಲಿಟ್ಟುಕೊಂಡು
ಏನು ಮಾಡಬೇಕೆಂದು ತಿಳಿಯದೆ
ಹೊಸ್ತಿಲಲ್ಲಿ ನಿಂತಿದ್ದಳು.

ದೀಪಾವಳಿ ಹೊತ್ತಿಗೆ ಸಣ್ಣವನು ದಪ್ಪಗಾದ.
‘ಇವನು ಹೆಣ್ಣಾಗ್ತಿದ್ದಾನೆ ಆಯಿ.
ಈ ಜಾತಿಯಲ್ಲಿ ಹಾಗೆಯೇ,
ದೊಡ್ಡವಳು ಹೋದ್ರೆ ಉಳಿದವನೇ ಅವಳಾಗೋದು.’
ಶೆಟ್ಲಿ ಬಿಡಿಸುತ್ತಿದ್ದವಳು ತಲೆ ಎತ್ತಲಿಲ್ಲ.
‘ಯಾರಾದ್ರೂ ಆಗ್ಲೇಬೇಕಲ್ಲ.’
ಅಪ್ಪನ ಬೀಡಿ ಡಬ್ಬಿ ತೆರೆದು
ಹರಾಜಿನ ಚೀಟಿ, ಚಿಲ್ಲರೆ ಎಣಿಸಿ
ಮತ್ತೆ ಸೊಂಟಕ್ಕೆ ಸಿಕ್ಕಿಸಿಕೊಂಡಳು.

ನಿನ್ನೆ ಹೊಸತೊಂದು ಬಂತು, ಇನ್ನೂ ಚಿಕ್ಕದು,
ಉಬ್ಬಿದ ಪ್ಲಾಸ್ಟಿಕ್ ಚೀಲದಲ್ಲಿ.
‘ಎಷ್ಟಕ್ಕೆ?’
‘ಇನ್ನೂರು,’ ಸುಳ್ಳು ಹೇಳಿದೆ.
‘ಮುನ್ನೂರೈವತ್ತಕ್ಕೆ ಕಡ್ಮೆ ಕೊಡುವವ ಮಳ್ಳ ಇರಬೇಕು.’

ಮೀನು ತಾಜಾವೋ ಅಲ್ಲವೋ ಎಂದು
ಕಿವಿರು ಎತ್ತಿ ನೋಡುವ ಹೆಬ್ಬೆರಳು
ಅಭ್ಯಾಸಬಲದಿಂದ ಚೀಲದ ತನಕ ಹೋಯಿತು.
ಅದು ಒಳಗಿಂದ ಬಂದು
ಬೆರಳಿಗೆ ಮೂತಿ ತಾಗಿಸಿತು.
ಆಯಿ ಕೈ ತೆಗೆಯಲಿಲ್ಲ.
ಪೇಟೆಗೆ ಹೊತ್ತಾಗಿತ್ತು.